ಸಮಂಜಸ ವಸತಿ

ಮನುಷ್ಯನ ಶಕ್ತಿಯನ್ನು ಅಳೆಯಬಲ್ಲ ಕೋಲು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂಬುದು ಸರ್ವಕಾಲಕ್ಕೂ ಸಲ್ಲುವ ಸತ್ಯ. ಜಿಲ್ಲೆಯ ವೈದ್ಯಕೀಯ ಮಂಡಳಿ ಮಾತ್ರ ನನ್ನ ತಂಗಿಯ ಮಗಳ ಬಲಗೈಯನ್ನು ಹತ್ತು ನಿಮಿಷದಲ್ಲಿ ಅಳೆದು, ಶೇಕಡಾ ಮೂವತ್ತೆರಡು ಎಂದು ಬರೆದು, ಮೊಹರು ಹಾಕಿ ಕೈಗೆ ಕೊಟ್ಟು ಕಳಿಸಿತು.

ಮೂವತ್ತೆರಡು ಅಂದರೆ ಊನದ ಪ್ರಮಾಣ. ಹುಡುಗಿಯ ಬಲಗೈ ಹುಟ್ಟಿನಿಂದಲೇ ಸ್ವಲ್ಪ ಮೊಂಡು. ಪೆನ್ನು ಹಿಡಿದರೆ ಹತ್ತು ಸಾಲು ಬರೆಯುವಷ್ಟು ಹೊತ್ತು ಹೇಳಿದ್ದು ಕೇಳುತ್ತದೆ. ಆಮೇಲೆ ಬೆರಳುಗಳು ಸೆಟೆದುಕೊಂಡು ಪೆನ್ನು ಕೆಳಗೆ ಬೀಳುತ್ತದೆ. ಎಡಗೈಯಲ್ಲಿ ಬರೆಯಬಹುದಿತ್ತಲ್ಲ ಎಂದು ಈಗ ಎಲ್ಲರೂ ಕೇಳುತ್ತಾರೆ. ಚಿಕ್ಕವಳಿದ್ದಾಗ ಅವಳು ಬಳಪವನ್ನು ಎಡಗೈಯಲ್ಲೇ ಎತ್ತಿಕೊಂಡಿದ್ದಳು. ಎಡಗೈಯಲ್ಲಿ ಅಕ್ಷರ ತಿದ್ದಬಾರದು ಎಂದು ಅದನ್ನು ಬಿಡಿಸಿದವರಲ್ಲಿ ನಾನೂ ಒಬ್ಬ. ಬಿಡಿಸಿದವರಲ್ಲಿ ನನ್ನ ದನಿಯೇ ದೊಡ್ಡದಿತ್ತು ಎಂದು ತಂಗಿ ಹೇಳುತ್ತಾಳೆ. ನನಗೆ ನೆನಪಿಲ್ಲ, ಆದರೆ ನನ್ನ ದನಿ ದೊಡ್ಡದು ಎಂಬುದು ನಿಜ.

ಹೀಗೆ ಪ್ರತಿ ಪರೀಕ್ಷೆಯಲ್ಲೂ ಅರ್ಧ ಪತ್ರಿಕೆ ಬರೆದು, ಬರೆದ ಅರ್ಧದಲ್ಲೇ ಪಾಸಾಗುತ್ತ, ಅವಳು ಬಿ.ಎ. ಮುಗಿಸಿದಳು. ಆಮೇಲೆ ಕುಮಟಾದಲ್ಲಿ ನನ್ನ ಜೊತೆಗೇ ಕೂತಳು. ಕಚೇರಿಗಳ ಎದುರು, ತಗಡಿನ ಮಾಡಿನ ಕೆಳಗೆ, ನಾನು ನಲವತ್ತು ವರ್ಷದಿಂದ ಅರ್ಜಿ ಬರೆಯುತ್ತ ಬಂದಿದ್ದೇನೆ. ನಾನು ಹೇಳುವುದು, ಅವಳು ಎಡಗೈ ಒಂದರಲ್ಲೇ ಕಂಪ್ಯೂಟರಿನಲ್ಲಿ ಟೈಪು ಹೊಡೆಯುವುದು. ನನ್ನ ಎರಡು ಕೈಗಿಂತ ಅವಳ ಆ ಒಂದು ಕೈ ಬೇಗ. ಇದನ್ನು ನಾನು ಗಿರಾಕಿಗಳ ಎದುರು ಒಪ್ಪಿಕೊಂಡಿಲ್ಲ.

ಮಾಡಿನ ಮುಂದಿನ ಅಂಚಿಗೆ ನನ್ನ ಬೋರ್ಡು ತೂಗುತ್ತಿತ್ತು. ಹೆಸರು, ಅದರ ಮುಂದೆ ಬಿ.ಎ., ಕೆಳಗೆ 'ಅರ್ಜಿ ಲೇಖಕರು'. ಆ ಎರಡಕ್ಷರದ ಕಥೆಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನಾನು ಬಿ.ಎ. ಕೊನೆಯ ವರ್ಷ ಇಂಗ್ಲಿಷಿನಲ್ಲಿ ನಪಾಸು. ಮೂರು ಸಲ ಕಟ್ಟಿ ಮೂರು ಸಲವೂ ಹೋಯಿತು. ಬೋರ್ಡು ಬರೆಯಲು ಹೆಬಳೆಯಿಂದ ಬಂದ ಪೇಂಟರನಿಗೆ ನಾನು ಪ್ರಾಮಾಣಿಕವಾಗಿಯೇ 'ಬಿ.ಎ. (ಅನುತ್ತೀರ್ಣ)' ಎಂದು ಚೀಟಿ ಕೊಟ್ಟಿದ್ದೆ. ಬಿ.ಎ. ಆಗುವಷ್ಟರಲ್ಲಿ ಹಲಗೆ ಮುಗಿದುಹೋಯಿತು. "ಇನ್ನೊಂದು ತುಂಡು ಹಲಗೆ ಜೋಡಿಸ್ಲಾ?" ಎಂದು ಕೇಳಿದ. ನಾನು ಸ್ವಲ್ಪ ಹೊತ್ತು ಯೋಚನೆ ಮಾಡಿದಂತೆ ಮಾಡಿ, "ಬೇಡ, ಇಷ್ಟೇ ಸಾಕು" ಎಂದೆ. ನನ್ನ ಜೀವನದ ಅಪ್ರಾಮಾಣಿಕತೆಯೆಲ್ಲ ಆ 'ಸಾಕು'ವಿನಲ್ಲಿದೆ. ಅಂದಿನಿಂದ ಊರು ನನ್ನನ್ನು ಬಿ.ಎ. ಎಂದೇ ನಂಬಿತು. ಕಾಲ ಸರಿದಂತೆ ನಾನೂ ನಂಬುವ ಹಂತಕ್ಕೆ ಬಂದಿದ್ದೆ.

ಹೋದ ವರ್ಷ ಒಂದು ಇಲಾಖೆ ಗುಮಾಸ್ತರ ಹುದ್ದೆಗೆ ಅರ್ಜಿ ಕರೆಯಿತು. ಹುಡುಗಿ ಹಾಕಿದಳು. ಮತ್ತೆ ಕರೆಯುವಷ್ಟರಲ್ಲಿ ವಯಸ್ಸಿನ ಮಿತಿ ದಾಟಿರುತ್ತದೆ, ಹಾಗಾಗಿ ಅವಳಿಗೆ ಅದೇ ಕೊನೆಯ ಅವಕಾಶ. ಎರಡು ಪತ್ರಿಕೆ, ಕನ್ನಡ ಒಂದು, ಇಂಗ್ಲಿಷ್ ಒಂದು. ಎರಡನ್ನೂ ಪುಟಗಟ್ಟಲೆ ಕೈಯಲ್ಲಿ ಬರೆಯಬೇಕು. ಹೇಳಿದ್ದನ್ನು ಬರೆದುಕೊಡುವವರನ್ನು ಕರೆದುಕೊಂಡು ಬರಬಹುದು ಎಂದು ಪ್ರಕಟಣೆಯಲ್ಲಿತ್ತು. ಆದರೆ ಊನ ಶೇಕಡಾ ನಲವತ್ತು ಇದ್ದವರಿಗೆ ಮಾತ್ರ.

ಇಪ್ಪತ್ತೆಂಟು ವರ್ಷ ನೆಂಟರಿಷ್ಟರೆಲ್ಲ ಆ ಕೈ ಕೆಲಸಕ್ಕೆ ಬಾರದ್ದು ಎಂದಿದ್ದರು. ಸರ್ಕಾರ ನೋಡಿದರೆ, ಅದು ಕೆಲಸಕ್ಕೆ ಬಾರದೇ ಇರುವುದು ಸಾಲದು, ಇನ್ನೂ ಎಂಟು ಕಡಿಮೆ ಬೀಳುತ್ತದೆ ಎಂದಿತು.

"ಮಾವ, ಬಾಗಿಲು ಹಾಕುವಾಗ ಬೆರಳು ನಡುವಿಟ್ರೆ ಎಂಟು ಬರೂದಾ?" ಎಂದು ಅವಳು ಕೇಳಿದಳು.

"ಹುಚ್ಚು ಮಾತಾಡ್ಬೇಡ."

"ತಮಾಷೆ ಮಾಡಿದ್ದು."

ಅವಳು ತಮಾಷೆ ಮಾಡುವಾಗ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಾಳೆ. ಹಾಗಾಗಿ ಅದರೊಳಗಿನ ನೋವು ನನಗೆ ಗೊತ್ತಾಗುತ್ತದೆ.

ಈ ಹೊತ್ತಿಗೆ ಭಟ್ಕಳದ ವಕೀಲರು ಬಂದರು. ಮನೆಯಲ್ಲಿ ನವಾಯತಿ, ಕೋರ್ಟಿನಲ್ಲಿ ಇಂಗ್ಲಿಷ್, ನನ್ನ ಹತ್ತಿರ ಉರ್ದು ಬೆರೆತ ಕನ್ನಡ ಆಡುವ ಹಿರಿಯರು. ಕುಮಟಾದಲ್ಲಿ ಕೇಸು ಇದ್ದ ದಿನವೆಲ್ಲ ನನ್ನ ಬೆಂಚಿನ ಮೇಲೆ ಕೂತು ಚಹಾ ಕುಡಿದೇ ಹೋಗುವವರು. ಸಂಗತಿ ಕೇಳಿ ಚಹಾದ ಲೋಟ ಕೆಳಗಿಟ್ಟರು.

"ಅರೇ ಮುನ್ಶೀಜಿ, ಇದಕ್ಕೆ ಎಂತಕ್ಕೆ ತಲೆ ಬಿಸಿ? ದಿಲ್ಲಿಯ ದೊಡ್ಡ ಕೋರ್ಟು ಈಗ ಇದನ್ನೇ ಹೇಳಿದೆ. ನಲವತ್ತರ ಗೆರೆ ಮೀಸಲಾತಿಗೆ ಇರ್ಲಿ, ಆದ್ರೆ ಬರೆಯೂಕೆ ಕಷ್ಟ ಇದ್ದವನಿಗೆ ಬರೆದುಕೊಡುವ ಜನ ಕೊಡೂಕೆ ಆ ಗೆರೆ ಅಡ್ಡ ಬರಬಾರದು ಅಂತ. ಒಂದೊಂದೇ ಬಾಗಿಲು ತೆಗೀತಾ ಇದ್ದಾರೆ. ಕಣ್ಣು ಕಾಣದವರು ಜಡ್ಜ್ ಆಗೂಕೆ ಬರೂದಿಲ್ಲ ಅಂತ ಒಂದು ರಾಜ್ಯದ ನಿಯಮ ಇತ್ತು, ಅದನ್ನ ಹೊಡೆದು ಹಾಕಿದ್ರು. ಬ್ಯಾಂಕಿನವರು ಫೋನಿನ ಎದುರು ಕಣ್ಣು ಮಿಟುಕಿಸಿ ಗುರುತು ತೋರ್ಸಿ ಅಂತಾರಲ್ಲ, ಮಿಟುಕಿಸೂಕೆ ಆಗದವರಿಗೆ ಬೇರೆ ದಾರಿ ಕೊಡಿ ಅಂದ್ರು. ನಿಮ್ಮ ಹುಡುಗಿದು ಏನು ದೊಡ್ಡದು? ಒಂದು ಅರ್ಜಿ ಒಗೀರಿ."

ಮಾರನೇ ವಾರ ತೀರ್ಪಿನ ಪ್ರತಿಯನ್ನೇ ಮುದ್ರಿಸಿ ತಂದುಕೊಟ್ಟು, ಕೇಸಿಗೆಂದು ಕಾರವಾರಕ್ಕೆ ಹೋದರು. ಇಂಗ್ಲಿಷಿನಲ್ಲಿತ್ತು. ಅದರ ಸಾರವನ್ನು ಕನ್ನಡಕ್ಕಿಳಿಸಿ ಅರ್ಜಿ ಮಾಡುವ ಮಹತ್ಕಾರ್ಯಕ್ಕೆ ನಾನು ಕನ್ನಡಕ ಒರೆಸಿಕೊಂಡು ಕೂತೆ.

ನನ್ನ ಅರ್ಜಿಯ ಶೈಲಿ ಈ ಮೂರು ತಾಲೂಕಿನಲ್ಲೂ ಪ್ರಸಿದ್ಧ. 'ಘನ ಸನ್ನಿಧಾನದಲ್ಲಿ ವಿನಮ್ರ ಬಿನ್ನಹ' ಎಂದು ಶುರುವಾದರೆ, ವಿಷಯ ಬರುವುದು ಎರಡನೇ ಪುಟದಲ್ಲಿ. ತೀರ್ಪಿನ ತುಂಬ ಒಂದೇ ಮಾತು ಮತ್ತೆ ಮತ್ತೆ ಬರುತ್ತಿತ್ತು: ರೀಸನೇಬಲ್ ಅಕಾಮಡೇಶನ್. ಅದೇ ಹಕ್ಕು, ಅದನ್ನು ಕೊಡದಿದ್ದರೆ ಅದೇ ತಾರತಮ್ಯ ಎಂದೆಲ್ಲ ಇತ್ತು. ರೀಸನೇಬಲ್ ಅಂದರೆ ಸಮಂಜಸ. ಅಕಾಮಡೇಶನ್ ಅಂದರೆ? ಕುಮಟಾದ ಲಾಡ್ಜುಗಳ ಮೇಲೆಲ್ಲ ಬರೆದಿರುತ್ತದೆ. ನಾನು ಹಿಂದೆ ಮುಂದೆ ನೋಡದೆ ಹೇಳಿದೆ: "ಬರಿ. ಸಮಂಜಸ ವಸತಿ."

ಹುಡುಗಿಯ ಎಡಗೈ ನಿಂತಿತು.

"ಮಾವ, ವಸತಿ ಅಂದ್ರೆ ಉಳಿಯೂದು ಅಲ್ದಾ?"

"ಕಾನೂನಿನ ಭಾಷೆ ಹಾಗೇ ಇರ್ತದೆ."

"ನಂಗೆ ಉಳಿಯೂದು ಬೇಡ. ಬರೆಯೂಕೆ ಜನ ಬೇಕು."

"ದೊಡ್ಡ ಕೋರ್ಟು ವಸತಿ ಅಂದಿದೆ. ನೀನು ದೊಡ್ಡ ಕೋರ್ಟಿಗಿಂತ ದೊಡ್ಡವಳಾ? ಹೊಡಿ."

ಹೊಡೆದಳು. ಅವಳೂ ಬಿ.ಎ., ಮತ್ತು ಅವಳದ್ದು ನಿಜವಾದ ಬಿ.ಎ. ಆದರೆ ನಲವತ್ತು ವರ್ಷದ ಬೋರ್ಡಿನ ಎದುರು ವಾದ ಮಾಡುವ ಹುಡುಗಿ ಅಲ್ಲ. 'ಸದರಿ ಅರ್ಜಿದಾರಳಿಗೆ ಪರೀಕ್ಷಾ ಕಾಲದಲ್ಲಿ ಸಮಂಜಸ ವಸತಿಯನ್ನು ದಯಪಾಲಿಸಬೇಕಾಗಿ' ಎಂದು ನಾಲ್ಕು ಕಡೆ ಬಂತು. ಬರೆದುಕೊಡುವವರ ಮಾತು ಒಂದು ಕಡೆ, ಕೊನೆಯ ಪುಟದಲ್ಲಿ, ನಾಚಿಕೊಂಡು ನಿಂತಿತ್ತು.

ಉತ್ತರ ಬರಲು ಇಪ್ಪತ್ತು ದಿನ ಹಿಡಿಯಿತು. ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ಒಂದೇ ಸಾಲು: 'ಪರೀಕ್ಷಾರ್ಥಿಗಳಿಗೆ ವಸತಿ ಸೌಲಭ್ಯ ಒದಗಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ. ವಾಸ್ತವ್ಯದ ವ್ಯವಸ್ಥೆಯನ್ನು ಅಭ್ಯರ್ಥಿಯೇ ಮಾಡಿಕೊಳ್ಳತಕ್ಕದ್ದು.'

ಪರೀಕ್ಷೆ ಹೊನ್ನಾವರದಲ್ಲಿ. ತಂಗಿಯ ಮನೆ ಕುಮಟಾದ ಪಕ್ಕದ ಬಾಡ ಎಂಬ ಊರಿನಲ್ಲಿ. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಮಧ್ಯಾಹ್ನ ಊಟಕ್ಕೆ ವಾಪಸ್ಸು ಬರಬಹುದಾದ ದೂರ. ಅಲ್ಲಿ ಉಳಿಯಲು ನಮಗೆ ಜಾಗ ಕೊಡುವುದಿಲ್ಲ ಎಂದು ಸರ್ಕಾರ ಖಡಾಖಂಡಿತವಾಗಿ ಹೇಳಿತ್ತು.

ಹುಡುಗಿ ಕಾಗದ ಓದಿ ಮಡಚಿ ಮೇಜಿನ ಮೇಲಿಟ್ಟಳು. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಅವಳು, "ಮಾವ, ಚಹಾ ತರೂದಾ?" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ವಕೀಲರು ಬಂದು ಉತ್ತರ ಓದಿದರು, ನನ್ನ ಅರ್ಜಿಯ ಪ್ರತಿಯನ್ನೂ ಓದಿದರು. ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ಭುಜ, ಕೊನೆಗೆ ಲೋಟದ ಚಹಾ ಅಷ್ಟೂ ಪ್ಯಾಂಟಿನ ಮೇಲೆ ಬಂತು.

"ಯಾ ಖುದಾ! ಮುನ್ಶೀಜಿ, ಹುಡುಗಿಗೆ ಲಾಡ್ಜ್ ರೂಮು ಕೇಳಿದ್ರಲ್ಲ ನೀವು!"

"ಹಾಗಾದ್ರೆ ಆ ಶಬ್ದಕ್ಕೆ ಎಂತ ಅರ್ಥ?" ಎಂದು ನಾನು ಕೇಳಿದೆ. ಇಷ್ಟು ಸಣ್ಣ ದನಿಯಲ್ಲಿ ನಾನು ಮಾತಾಡಿದ್ದು ಮದುವೆ ಮಂಟಪದಲ್ಲಿ ಒಮ್ಮೆ, ಅಂದು ಒಮ್ಮೆ.

ವಕೀಲರು ನಗು ನಿಲ್ಲಿಸಿ, ಕರವಸ್ತ್ರದಿಂದ ಪ್ಯಾಂಟು ಒರೆಸುತ್ತ, ವಿವರಿಸಲು ನೋಡಿದರು. ಒಬ್ಬನಿಗೆ ಒಂದು ಕೆಲಸ ಎಲ್ಲರ ಹಾಗೆ ಮಾಡೂಕೆ ಆಗೂದಿಲ್ಲ. ಕೆಲಸ ಅದೇ ಇರ್ಲಿ, ಮಾಡುವ ರೀತಿ ಅವನಿಗೆ ತಕ್ಕಂತೆ ಸ್ವಲ್ಪ ಬದಲಿಸಿ ಕೊಡೂದು. ಅದು ದಾನ ಅಲ್ಲ... ಎಂದು ಕನ್ನಡ, ಉರ್ದು, ಕೈಸನ್ನೆ ಎಲ್ಲದರಲ್ಲೂ ಹೇಳಿ, ಶಬ್ದ ಸಿಗದೆ ನಿಂತರು.

ಹುಡುಗಿ ಕಂಪ್ಯೂಟರಿನ ಹಿಂದಿನಿಂದ ಹೇಳಿದಳು: "ನಮ್ಮನೆ ಬಚ್ಚಲ ಚಿಲಕದ ಹಾಗೆ."

ನಾವಿಬ್ಬರೂ ತಿರುಗಿದೆವು.

"ಚಿಲಕ ಬಲಗಡೆ ಇತ್ತು. ನಂಗೆ ಎಳೆಯೂಕೆ ಆಗ್ತಿರ್ಲಿಲ್ಲ. ಒಳಗೆ ಹೋದ್ರೆ ಅಮ್ಮ ಹೊರಗೆ ಕಾವಲು ನಿಲ್ಬೇಕಿತ್ತು. ಒಂದಿನ ಅಪ್ಪ ಬಾಗಿಲನ್ನೇ ಕಳಚಿ, ಚಿಲಕ ಎಡಗಡೆ ಬರೂ ಹಾಗೆ ಮಾಡಿ ಕೂರ್ಸಿದ್ರು. ತೆಂಗಿನಕಾಯಿ ತುರಿಯೂ ಮಣೆನೂ ಹಾಗೇ ತಿರುಗ್ಸಿ ಹಾಕಿಕೊಟ್ರು. ಅನುವು ಮಾಡಿ ಕೊಡೂದು ಅಂದ್ರೆ ಆತಲ್ಲ, ಮಾವ?"

ವಕೀಲರು ಕರವಸ್ತ್ರ ಕೆಳಗಿಟ್ಟು, "ಅನುವು," ಎಂದರು. ಇನ್ನೊಮ್ಮೆ ಹೇಳಿ ನೋಡಿದರು. "ಬಹುತ್ ಖೂಬ್. ಇದನ್ನೇ ಬರೀರಿ ಮುನ್ಶೀಜಿ. ಮತ್ತೆ ಒಂದು ಮಾತು, ಇದು ಒಂದೇ ಪುಟ ಇರ್ಲಿ."

ಅವಳ ಅಪ್ಪ ತೀರಿಹೋಗಿ ಆರು ವರ್ಷವಾಗಿತ್ತು. ಮಾತು ಕಡಿಮೆಯ ಮನುಷ್ಯ. ಆ ಬಚ್ಚಲಿನಲ್ಲಿ ನಾನು ಎಷ್ಟೋ ಸಲ ಕೈಕಾಲು ತೊಳೆದಿದ್ದೇನೆ. ಚಿಲಕ ತಪ್ಪು ಕಡೆಗಿದೆಯಲ್ಲ, ಭಾವನಿಗೆ ಬಡಗಿ ಕೆಲಸ ಬರುವುದಿಲ್ಲ ಎಂದು ತಮಾಷೆಯನ್ನೂ ಮಾಡಿದ್ದೇನೆ. ಅವರು ನಕ್ಕು ಸುಮ್ಮನಾಗಿದ್ದರು.

ಆ ದಿನ ಅರ್ಜಿಯನ್ನು ಅವಳೇ ಹೇಳಿಕೊಂಡು ಅವಳೇ ಹೊಡೆದಳು. ಒಂಬತ್ತು ಸಾಲು. ವಿನಮ್ರ ಬಿನ್ನಹ ಇರಲಿಲ್ಲ. ನಾನು ಬರೀ ಅಂಚೆ ಚೀಟಿ ಅಂಟಿಸಿದೆ. ವಕೀಲರು ಇಲಾಖೆಗೆ ಫೋನು ಮಾಡಿ, ಇಮೇಲಿನಲ್ಲೂ ಅದನ್ನು ಕಳಿಸಿದರು. ನಾಲ್ಕೇ ದಿನದಲ್ಲಿ ಅನುಮತಿ ಬಂತು. ಬರೆದುಕೊಡುವವರನ್ನು ಅಭ್ಯರ್ಥಿಯೇ ಕರೆತರಬೇಕು, ಪ್ರತಿ ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚು ಕೊಡಲಾಗುವುದು. ಮತ್ತು ಒಂದು ಷರತ್ತು: ಬರೆದುಕೊಡುವವರ ವಿದ್ಯೆ ಅಭ್ಯರ್ಥಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು.

ಬಿ.ಎ. ಹುಡುಗಿಗೆ ಪಿ.ಯು.ಸಿ. ಓದಿದವರು ಬೇಕು. ಇಂಗ್ಲಿಷ್ ಅಕ್ಷರ ಗೊತ್ತಿರಬೇಕು, ಬರಹ ಚಂದ ಇರಬೇಕು, ಎರಡು ದಿನ ಬಿಡುವಿರಬೇಕು. ತಂಗಿ ನಾಲ್ಕನೇ ಇಯತ್ತೆ. ನನ್ನ ಹೆಂಡತಿ ಏಳನೇದು. ಬಾಡದ ಮಕ್ಕಳಲ್ಲಿ ಪಿ.ಯು.ಸಿ. ಮುಗಿಸಿದವರಿಗೆ ಅದೇ ವಾರ ಅವರವರ ಪರೀಕ್ಷೆ. ಒಂದು ಹುಡುಗಿ ಒಪ್ಪಿದಳು; ಮರುದಿನ ಅವಳ ತಾಯಿ ಬಂದು, ಬರೆದದ್ದು ತಪ್ಪಾದರೆ ಕೇಸು ಬೀಳುತ್ತದಂತೆ ಎಂದು ಬಿಡಿಸಿಕೊಂಡು ಹೋದರು. ಪರೀಕ್ಷೆಗೆ ಐದು ದಿನ ಉಳಿಯಿತು. ಯಾರನ್ನು ಕರೆತರುತ್ತೇವೆ ಎಂದು ಮರುದಿನವೇ ಹೊನ್ನಾವರದ ಕೇಂದ್ರದಲ್ಲಿ ತೋರಿಸಿ ಬರಬೇಕಿತ್ತು.

"ನಿಮ್ಮ ಅಕ್ಷರ ಮುತ್ತಿನ ಹಾಗೆ," ಎಂದು ವಕೀಲರು ನಿಟ್ಟುಸಿರು ಬಿಟ್ಟರು. "ಆದ್ರೆ ಎಂತ ಮಾಡೂದು, ನೀವು ಬಿ.ಎ. ಆಗಿ ಕೂತ್ರಿ."

ಹುಡುಗಿ ಅನುಮತಿಯ ಕಾಗದವನ್ನು ಎಡಗೈಯಲ್ಲಿ ಮಡಚಿದಳು. ಬಲಗೈ ಸೆರಗಿನೊಳಗಿತ್ತು.

ನಾನು ಬೋರ್ಡಿನ ಕಡೆ ನೋಡಿದೆ. ಒಬ್ಬ ಮನುಷ್ಯ ತನ್ನ ಬೋರ್ಡನ್ನು ಒಳಗಿನಿಂದ ನೋಡಿದರೆ ಹಲಗೆಯ ಬೆನ್ನು ಮಾತ್ರ ಕಾಣುತ್ತದೆ. ಅಲ್ಲಿ ಏನೂ ಬರೆದಿರಲಿಲ್ಲ.

"ನಾನು ಬಿ.ಎ. ಅಲ್ಲ," ಎಂದೆ.

ವಕೀಲರು ಕೇಳಿಸಲಿಲ್ಲವೆಂಬಂತೆ ಮುಂದೆ ಬಾಗಿದರು.

"ಇಂಗ್ಲಿಷಿನಲ್ಲಿ ನಪಾಸು. ಮೂರು ಸಲ."

ಯಾರೂ ನಗಲಿಲ್ಲ. ಹುಡುಗಿ ಎದ್ದು ಬಂದು ನನ್ನೆದುರು ನಿಂತಳು. ವಸತಿಯ ವಿಷಯ ಈಗ ಎತ್ತುತ್ತಾಳೆ, ಎತ್ತಲಿ ಎಂದುಕೊಂಡೆ.

"ಮತ್ತೆ ಮೊದಲೇ ಎಂತಕೆ ಹೇಳ್ಲಿಲ್ಲ, ಮಾವ? ಎಷ್ಟು ಒಳ್ಳೇದಾತು ನೋಡಿ!"

ನನ್ನ ನಪಾಸಿನ ಬಗ್ಗೆ ಇಷ್ಟು ಸಂತೋಷಪಟ್ಟವರು ಇನ್ನೊಬ್ಬರಿಲ್ಲ.

ಈಗ ನಪಾಸಾದದ್ದಕ್ಕೆ ದಾಖಲೆ ಬೇಕು. ಮನೆಗೆ ಹೋಗಿ ಟ್ರಂಕು ತೆಗೆದು ಕಾಗದಗಳನ್ನೆಲ್ಲ ಹರವಿದೆ. ಅಂಕಪಟ್ಟಿ ಇರಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತನ್ನ ಕಪಾಟಿನಲ್ಲಿ ಸೀರೆಗಳ ಅಡಿಯಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ಕೊಟ್ಟಳು. ಒಳಗೆ ಮೂರೂ ಅಂಕಪಟ್ಟಿ, ಒಂದು ಮೂಲೆಯೂ ಮಡಚದ ಹಾಗೆ.

"ಟ್ರಂಕಿಗೆ ಗೆದ್ದಲು ಬಂದಿತ್ತು. ತೆಗೆದಿಟ್ಟಿದ್ದೆ."

"ಯಾವಾಗ?"

"ಮದುವೆಯಾದ ವರ್ಷ."

ಅವಳನ್ನು ನನಗೆ ಕೊಡುವಾಗ ಹುಡುಗ ಬಿ.ಎ. ಎಂದೇ ಅವಳ ಮನೆಯವರಿಗೆ ಹೇಳಿದ್ದರು. ನಾನು ನೆಲದ ಮೇಲೆ ಕೂತೇ ಕೇಳಿದೆ: "ಮತ್ತೆ ಇಷ್ಟು ವರ್ಷ ಒಂದು ಮಾತೂ ಹೇಳ್ಲಿಲ್ಲ?"

"ಎಂತ ಹೇಳೂದು? ಬೋರ್ಡು ನೋಡ್ಕಂಡು ನೀವು ಖುಷಿಯಲ್ಲಿದ್ರಿ," ಎಂದಳು. "ಏಳಿ, ನೆಲ ತಂಪಿದೆ."

ಮರುದಿನ ಹೊನ್ನಾವರಕ್ಕೆ ಹೋದೆವು. ಪರೀಕ್ಷಾ ಕೇಂದ್ರದ ಮೇಲ್ವಿಚಾರಕರು ನನಗೆ ಪರಿಚಿತರೇ. ಅವರ ಮನೆಯ ಪಹಣಿ ತಿದ್ದುಪಡಿಯ ಅರ್ಜಿ ಬರೆದವನು ನಾನು. "ಅಯ್ಯೋ, ನೀವು ಬರೂಕೆ ಆಗೂದಿಲ್ಲ. ನೀವು ಬಿ.ಎ. ಅಲ್ದಾ? ಬೋರ್ಡಿನಲ್ಲೇ ಓದಿದ್ದೇನೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಕೋಣೆಯಲ್ಲಿ ಹತ್ತು ಹನ್ನೆರಡು ಜನ. ಅದರಲ್ಲಿ ನಾಲ್ವರಾದರೂ ನನ್ನ ಗಿರಾಕಿಗಳು. ನಾನು ಪ್ಲಾಸ್ಟಿಕ್ ಚೀಲದಿಂದ ಮೂರೂ ಅಂಕಪಟ್ಟಿಯನ್ನು, ಪ್ರಶಸ್ತಿಪತ್ರಗಳ ಗಾಂಭೀರ್ಯದಿಂದ, ಒಂದರ ಪಕ್ಕ ಒಂದು ಇಟ್ಟೆ. ಅವರು ಮೂರನ್ನೂ ಓದಿದರು. ಇಪ್ಪತ್ತೆರಡು, ಹತ್ತೊಂಬತ್ತು, ಇಪ್ಪತ್ತಾರು.

"ಮೂರನೇ ಸಲ ಸುಧಾರಣೆ ಆಗಿದೆ," ಎಂದು ನಾನು ತೋರಿಸಿಕೊಟ್ಟೆ.

ಅವರು ನನ್ನ ಮುಖ ನೋಡಿದರು. ಪಕ್ಕದಲ್ಲಿ ನಿಂತ ಹುಡುಗಿಯ ಮುಖ ನೋಡಿದರು. ನಮೂನೆಯ ಮೇಲೆ ಸಹಿ ಹಾಕಿ, ದನಿ ತಗ್ಗಿಸಿ, "ನಂದೂ ಗಣಿತ ಎರಡು ಸಲ ಹೋಗಿತ್ತು," ಎಂದರು.

ಪರೀಕ್ಷೆಯ ಮೊದಲ ದಿನ ಕನ್ನಡ. ನಮಗೆ ಬೇರೆ ಕೋಣೆ, ಒಬ್ಬರು ಕಾವಲಿನವರು. ನಾನು ಅವಳು ಹೇಳಿದ್ದನ್ನು ಬಿಟ್ಟು ಒಂದಕ್ಷರ ಬರೆಯುವ ಹಾಗಿಲ್ಲ. ಎರಡನೇ ಪ್ರಶ್ನೆಯೇ ರಸ್ತೆ ರಿಪೇರಿಗಾಗಿ ಅಧಿಕಾರಿಗೊಂದು ಅರ್ಜಿ! ನಲವತ್ತು ವರ್ಷದ ನನ್ನ ತಪಸ್ಸು ಪೆನ್ನಿನ ತುದಿಗೆ ಬಂದು ನಿಂತಿತು. ಘನ ಸನ್ನಿಧಾನ ಗಂಟಲಲ್ಲಿ ತುಂಬಿಕೊಂಡಿತು. ಅವಳು ಹೇಳಿದಳು: "ಮಾನ್ಯರೇ. ಅಲ್ಪವಿರಾಮ. ನಮ್ಮೂರ ರಸ್ತೆ ಹಾಳಾಗಿದೆ." ನಾನು ಅವಳನ್ನು ನೋಡಿದೆ. ಅವಳು ಗೋಡೆಯ ಕರಿಹಲಗೆ ನೋಡುತ್ತ, "ಪೂರ್ಣವಿರಾಮ," ಎಂದಳು. ಬರೆದೆ. ಓದಿಕೊಂಡರೆ ರಸ್ತೆ ಹಾಳಾಗಿರುವುದು ನೇರವಾಗಿ ತಿಳಿಯುತ್ತಿತ್ತು. ನನ್ನ ಶೈಲಿಯಲ್ಲಿ ಅದು ಎಂದೂ ಇಷ್ಟು ಬೇಗ ಹಾಳಾಗಿರಲಿಲ್ಲ.

ಎರಡನೇ ದಿನ ಇಂಗ್ಲಿಷ್. ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದೆ. ಪ್ರಶ್ನೆಪತ್ರಿಕೆ ನೋಡಿದ ಕೂಡಲೇ ಹಳೆಯ ಭಯವೊಂದು ಎದ್ದು ಕೂತಿತು. ಅದಕ್ಕೆ ವಯಸ್ಸೇ ಆಗಿರಲಿಲ್ಲ. ಹುಡುಗಿಗೆ ಗೊತ್ತಾಯಿತು. ಕಷ್ಟದ ಶಬ್ದ ಬಂದಲ್ಲೆಲ್ಲ ನಿಂತು, ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದಳು. ನಾನು ಅವಳಿಗೆ ಚಿಕ್ಕಂದಿನಲ್ಲಿ ಅಕ್ಷರ ತಿದ್ದಿಸಿದ ದನಿಯಲ್ಲಿ ಅಲ್ಲ. ಅದಕ್ಕಿಂತ ಎಷ್ಟೋ ಮೆತ್ತಗೆ.

ಕೊನೆಯ ಪ್ರಶ್ನೆ, ನಿಮಗೆ ಗೊತ್ತಿರುವ ಪ್ರವಾಸಿ ಸ್ಥಳದ ಬಗ್ಗೆ. ಅವಳು ಯಾಣ ಆರಿಸಿದಳು. ಕಲ್ಲು, ಕಾಡು, ಮೆಟ್ಟಿಲು ಎಲ್ಲ ಆಯಿತು. ಯಾತ್ರಿಕರಿಗೆ ಅಲ್ಲಿ ರಾತ್ರಿ ಉಳಿಯಲು ಸಾಕಷ್ಟು ಅನುಕೂಲ ಇಲ್ಲ ಎಂಬ ವಾಕ್ಯ ಬಂತು. ವಾಕ್ಯದ ಕೊನೆಗೆ ಅದೇ ಶಬ್ದ. ಅಕಾಮಡೇಶನ್.

ನನ್ನ ಪೆನ್ನು ನಿಂತಿತು.

"ಇಲ್ಲಿ ವಸತಿನೇ, ಬರೀರಿ ಮಾವ," ಎಂದಳು.

"ಬೇರೆ ಮಾತು ಬೇಡ," ಎಂದರು ಕಾವಲಿನವರು.

"ಎ. ಡಬಲ್ ಸಿ. ಓ. ಡಬಲ್ ಎಂ," ಎಂದು ಅವಳು ಗಂಭೀರವಾಗಿ ಮುಂದುವರಿಸಿದಳು. ತುಟಿಯ ತುದಿ ಮಾತ್ರ ಅಲುಗುತ್ತಿತ್ತು. ಬಲಗೈ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ, ಸುಮ್ಮನೆ ಮಲಗಿತ್ತು. ಗಂಟೆ ಬಾರಿಸುವಾಗ ಪತ್ರಿಕೆ ಪೂರ್ತಿಯಾಗಿತ್ತು. ಅವಳ ಜೀವನದಲ್ಲಿ ಪೂರ್ತಿಯಾದ ಮೊದಲ ಪತ್ರಿಕೆ ಅದಕ್ಕೆ ಹಿಂದಿನ ದಿನದ್ದು, ಇದು ಎರಡನೆಯದು.

ಹೊನ್ನಾವರದಿಂದ ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ನನ್ನ ಬೆರಳುಗಳು ಸೆಟೆದುಕೊಂಡಿದ್ದವು. ಅವಳು ಅದನ್ನು ನೋಡಿ, ನನ್ನ ಕೈಯನ್ನು ತನ್ನ ಎಡಗೈಯಲ್ಲಿ ತೆಗೆದುಕೊಂಡು, ಕುಮಟಾ ಬರುವವರೆಗೆ ಒಂದೊಂದೇ ಬೆರಳು ನೀವಿದಳು. ಹೇಗೆ ನೀವಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮರುವಾರ ಬೋರ್ಡಿನ ಮೇಲಿನ ಎರಡಕ್ಷರಕ್ಕೆ ನಾನೇ ಬಿಳಿ ಬಣ್ಣ ಬಳಿದೆ. ಗಿರಾಕಿಗಳು ಕಡಿಮೆಯಾಗಲಿಲ್ಲ. ಅರ್ಜಿ ಈಗ ಒಂದು ಪುಟ ಮೀರುವುದಿಲ್ಲ.

ಇಂಗ್ಲಿಷ್ ಪತ್ರಿಕೆಗೆ ನೂರಕ್ಕೆ ಅರವತ್ತೊಂದು ಅಂಕ ಬಂತು, ಕನ್ನಡಕ್ಕೆ ಎಪ್ಪತ್ತೆಂಟು. ಅವಳು ಭಟ್ಕಳದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ಸೇರಿ ಐದು ತಿಂಗಳಾಯಿತು.